ನಾನು ಕಟ್ಟಿಸಿದ ಹಂಪು

ಓಣಿಗೆ ಸಿಸಿ ರೋಡು ಬಂದ ವರ್ಷವೇ ಬೈಕುಗಳಿಗೆ ರೆಕ್ಕೆ ಮೂಡಿದವು. ಅಲ್ಲಿಯವರೆಗೆ ಹುಲಗೂರಿನ ನಮ್ಮ ಓಣಿಯಲ್ಲಿ ತಗ್ಗು-ದಿನ್ನೆಗಳೇ ವೇಗ ಕಾಯುತ್ತಿದ್ದವು. ಅವನ್ನು ಬೈಯುತ್ತ ನಿಧಾನ ಹೋಗುತ್ತಿದ್ದೆವು, ಅಷ್ಟೇ. ಶಿಶುನಾಳ ಶರೀಫರ ತಂದೆ-ತಾಯಿ ಹರಕೆ ಹೊತ್ತರೆಂದು ಜನ ನಂಬುವ ಖಾದರಶಾ ವಲಿಯ ದರ್ಗಾ ಇರುವ ಊರು. ಪರಸ್ಥಳದ ಗಾಡಿಗಳೂ ಕಡಿಮೆಯಿಲ್ಲ.

ಒಂದು ಸಂಜೆ ಬೈಕೊಂದು ನನ್ನ ಮೊಮ್ಮಗಳ ಲಂಗಕ್ಕೆ ತಾಗಿಕೊಂಡೇ ಹೋಯಿತು. ಮರುದಿನ ನಾನು ಹಂಪು ಕಟ್ಟಿಸಲೆಂದು ಪಟ್ಟಿ ಎತ್ತಿದೆ. ಯಾರ ಅನುಮತಿಯನ್ನೂ ಕೇಳಲಿಲ್ಲ. ಗವಂಡಿ 'ಎಷ್ಟು ಎತ್ತರ ಮಾಡ್ಲಿ?' ಅಂದಾಗ, 'ಹಲ್ಲು ಉದುರಬೇಕು' ಅಂದೆ. ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರ. ಬಣ್ಣಕ್ಕೆ ರೊಕ್ಕ ಉಳಿಯಲಿಲ್ಲ.

ಹತ್ತೇ ದಿನ. ಕತ್ತಲಲ್ಲಿ ಹಿಂದೆ ಹೆಂಡತಿಯನ್ನು ಕೂಡಿಸಿಕೊಂಡು ಬಂದ ಪರಊರಿನ ರೈತ ಅದರ ಮೇಲೆ ಹಾರಿ ಬಿದ್ದ. ಆ ತಾಯಿಯ ಮುಂಗೈ ಮುರಿಯಿತು. ಬೈಕು ಎತ್ತಿಕೊಟ್ಟವನು ನಾನೇ. ಹಂಪು ಕಟ್ಟಿಸಿದವನು ನಾನೇ ಅಂತ ಮಾತ್ರ ಹೇಳಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ನಾಚಿಕೆಯಿಂದಲೇ ಓದತೊಡಗಿದೆ. ಹಂಪಿಗೂ ಲೆಕ್ಕ ಇದೆ. ಇಂಡಿಯನ್ ರೋಡ್ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ: ಅಗಲ 3.7 ಮೀಟರ್, ನಡುಮಧ್ಯದ ಎತ್ತರ 10 ಸೆಂಟಿಮೀಟರ್, ಗಂಟೆಗೆ 25 ಕಿಲೋಮೀಟರಿನಲ್ಲಿ ಮೆಲ್ಲಗೆ ಏರಿ ಇಳಿಯುವಂತೆ. ಮೈಮೇಲೆ ಕಪ್ಪು-ಬಿಳಿ ಪಟ್ಟೆ, ಮುಂಚೆಯೇ ಎಚ್ಚರಿಸುವ ಫಲಕ. ನಾನು ಕಟ್ಟಿಸಿದ್ದು ಹಂಪಲ್ಲ, ಬಚ್ಚಿಟ್ಟ ಗೋಡೆ.

ಆದರೆ ಇನ್ನೂ ದೊಡ್ಡ ತಪ್ಪು ಯಾವ ಪುಸ್ತಕದಲ್ಲೂ ಸಿಗಲಿಲ್ಲ, ಎದುರುಮನೆ ಅಜ್ಜಿ ತೋರಿಸಿದಳು. ಮಳೆನೀರು ಗಟಾರಕ್ಕೆ ಹೋಗಲೆಂದು ಹಂಪಿನ ಎರಡೂ ತುದಿಗೆ ಒಂದೊಂದು ಮೊಳ ಬಿಟ್ಟಿದ್ದೆ. ಬೈಕಿನವರು ಆ ಸಂದಿಯಲ್ಲೇ ನುಸುಳುತ್ತಿದ್ದರು. 'ತಮ್ಮಾ, ಮೊದ್ಲ ನಡುವ ಹೊಕ್ಕಿದ್ರು. ಈಗ ನಾ ನಡಿಯೋ ಜಾಗಾಕ್ಕ ಬರಾಕತ್ಯಾರ' ಅಂದಳು. ಮೊಮ್ಮಗಳ ಚಿಂತೆಯಲ್ಲಿ, ಓಣಿಯಲ್ಲಿ ಯಾರು ಎಲ್ಲಿ ಕಾಲಿಡುತ್ತಾರೆ ಅಂತ ಒಂದು ದಿನವೂ ಕೂತು ನೋಡಿರಲಿಲ್ಲ.

ನೋಡಿದೆ, ಒಂದು ವಾರ, ಕಟ್ಟೆಯ ಮೇಲೆ ಕೂತು. ವೇಗ ಹುಟ್ಟುತ್ತಿದ್ದದ್ದು ನೆಟ್ಟಗಿನ ದಾರಿಯಲ್ಲಲ್ಲ, ಮೂಲೆಯಲ್ಲಿ. ತಿರುವು ಅಷ್ಟು ಅಗಲವಿತ್ತು, ಬ್ರೇಕಿನ ನೆನಪೇ ಆಗುತ್ತಿರಲಿಲ್ಲ. ಈ ಸಲ ಪಂಚಾಯಿತಿಗೆ ಅರ್ಜಿ ಕೊಟ್ಟು, ಒಪ್ಪಿಗೆ ಸಿಕ್ಕ ಮೇಲೆ ಹಂಪು ಒಡೆಸಿದೆ. ಒಡೆಯುವುದಕ್ಕೆ ಕಟ್ಟಿದ್ದಕ್ಕಿಂತ ಹೆಚ್ಚು ಖರ್ಚಾಯಿತು, ಅದನ್ನು ನಾನೇ ಕೊಟ್ಟೆ. ಹಳೆಯ ಡಾಂಬರಿನ ಡ್ರಮ್ಮುಗಳಿಗೆ ಮಣ್ಣು ತುಂಬಿ, ಸುಣ್ಣ ಬಳಿದು, ಕೆಂಪು ಹೊಳೆಯುವ ಪಟ್ಟಿ ಅಂಟಿಸಿ ಮೂಲೆಯನ್ನು ಬಿಗಿ ಮಾಡಿದೆವು. ಅಂಚಿನುದ್ದಕ್ಕೂ ಸುಣ್ಣ ಬಳಿದ ಕಲ್ಲಿಟ್ಟು ಕಾಲುಹಾದಿ ಬಿಟ್ಟೆವು. ಈಗ ತಿರುಗಬೇಕೆಂದರೆ ಗೇರ್ ಇಳಿಸಲೇಬೇಕು. ಬೈಯುವವರೂ ಇದ್ದಾರೆ, ಮೇವಿನ ಗಾಡಿಯವರು ಮುಖ್ಯವಾಗಿ.

ಮೊನ್ನೆ ಟ್ರ್ಯಾಕ್ಟರ್ ಟ್ರೇಲರ್ ತಾಗಿ ಒಂದು ಡ್ರಮ್ಮು ವಾಲಿತ್ತು. ಸರಿ ನಿಲ್ಲಿಸುತ್ತಿದ್ದೆ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೂಗಿದಳು: 'ಇನ್ನೊಂದು ಗೇಣು ಆಚೀಗ ಸರಸೋ, ನನ್ನ ಕೋಲಿಗೂ ಜಾಗಾ ಬೇಕು.'

ಸರಿಸಿದೆ.