ಫಿರ್ಕಿ ಹಿಡಿದವರು

ನಾನು ಕಲಿತ ಮೊದಲ ಬರವಣಿಗೆ ಎಂದರೆ ಅರ್ಜಿ. ಧಾರವಾಡದ ಕಡೆ ನಮ್ಮೂರಲ್ಲಿ ಅಪ್ಪ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ: ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...’ ಬೀದಿದೀಪ ಕೆಟ್ಟಿದ್ದರೂ ಅದೇ ಒಕ್ಕಣೆ, ರಜೆ ಬೇಕಿದ್ದರೂ ಅದೇ. ಕೊನೆಗೆ ‘ತಮ್ಮ ವಿಧೇಯ’. ಅರ್ಜಿದಾರ ಎಷ್ಟು ಸಣ್ಣವನಾಗಿ ಕಂಡರೆ ಕೆಲಸ ಅಷ್ಟು ಸಲೀಸು. ಅಂಥ ನಾನು ಮದುವೆಯಾಗಿ ಅಹಮದಾಬಾದಿಗೆ ಬಂದು, ಇಂಗ್ಲಿಷ್ ಟೀಚರಾಗಿ ನಿವೃತ್ತಳಾಗಿ, ಈಗ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ “ನಿನ್ನ ಬಗ್ಗೆ ಇನ್ನಷ್ಟು ಹೇಳಿಕೋ” ಎಂದು ಗದರಿಸುತ್ತೇನೆ. ಊರಲ್ಲಿದ್ದಿದ್ದರೆ ಅಕ್ಕೋರು ಅನ್ನಿಸಿಕೊಳ್ಳುತ್ತಿದ್ದೆ. ಇಲ್ಲಿ ಬೆನ್.

ಅಮೆರಿಕದ ಕಾಲೇಜುಗಳಿಗೆ ಕಾಮನ್ ಆ್ಯಪ್ ಎಂಬ ಬಾಗಿಲಿನಿಂದ ಹೋಗುವವರು ತಮ್ಮ ಬಗ್ಗೆ ಒಂದು ಪ್ರಬಂಧ ಬರೆಯಬೇಕು; ಅದನ್ನು ತಿದ್ದಿಕೊಡುವ ಕೆಲಸ ನನ್ನದು. 650 ಪದ ಮೀರಬಾರದು. ಅಂಕಪಟ್ಟಿಯಲ್ಲಿ ಸಿಗದ ಮನುಷ್ಯ ಅಲ್ಲಿ ಸಿಗಬೇಕಂತೆ. ಅವಸರದವರಿಗೆ ಗಡುವು ಸಾಮಾನ್ಯವಾಗಿ ನವೆಂಬರ್ 1. ಹೆಚ್ಚುಕಡಿಮೆ ಅದೇ ಹೊತ್ತಿಗೆ ದೀಪಾವಳಿಯೂ ಬರುತ್ತದೆ. ಮನೆಯಲ್ಲಿ ತಾಯಿ ಮಠಿಯಾ ಕರಿಯುತ್ತಿದ್ದರೆ, ಮಗ ನಮ್ಮ ಊಟದ ಮೇಜಿನ ಮುಂದೆ ಗಲ್ಲಕ್ಕೆ ಕೈಯಿಟ್ಟು ತನ್ನ ವ್ಯಕ್ತಿತ್ವ ಹುಡುಕುತ್ತಿರುತ್ತಾನೆ.

ಎಲ್ಲರಿಗೂ ಕಷ್ಟದ ಕೊರತೆ. ಸೂರತ್ತಿನಿಂದ ಅಪ್ಪ-ಮಗ ಘಾರಿ ಎಂಬ ಸಿಹಿಯ ಡಬ್ಬಿ ಹಿಡಿದು ಬಂದರು. “ಬೆನ್, 2006ರ ಪ್ರವಾಹ ಹಾಕೋಣ. ಉಕಾಯಿ ಡ್ಯಾಮಿನಿಂದ ನೀರು ಬಿಟ್ಟಾಗ ತಾಪಿ ನದಿ ಮನೆಯೊಳಗೇ ಬಂದಿತ್ತು” ಎಂದರು ಅಪ್ಪ. ಆಗ ನೀನೆಲ್ಲಿದ್ದೆ ಎಂದು ಹುಡುಗನನ್ನು ಕೇಳಿದೆ. ಹುಟ್ಟಿರಲಿಲ್ಲ ಎಂದ. ಅಪ್ಪನಿಗೆ ಅದು ಅಂಥ ಅಡ್ಡಿ ಅನ್ನಿಸಲಿಲ್ಲ. ಹಾಗಾದರೆ ಅಜ್ಜ ಅಮರೇಲಿಯಿಂದ ಬರಿಗೈಲಿ ಬಂದು, ಸೂರತ್ತಿನ ವರಾಛಾದ ಕಾರ್ಖಾನೆಯಲ್ಲಿ ಘಂಟಿ ಎಂಬ ಸಾಣೆಚಕ್ರದ ಮುಂದೆ ಕೂತು ವಜ್ರ ಉಜ್ಜಿದ್ದನ್ನು ಹಾಕೋಣ ಎಂದರು. ಆಸ್ತಿಯ ಜೊತೆಗೆ ಕಷ್ಟವನ್ನೂ ಮೊಮ್ಮಗನ ಹೆಸರಿಗೆ ಮಾಡಿಕೊಡುವ ಉದಾರತೆ.

ವಡೋದರಾದ ತಾಯಿಯೊಬ್ಬರದು ಇನ್ನೊಂದು ಧಾಟಿ. 1913ರಲ್ಲಿ ಅಂಬೇಡ್ಕರರನ್ನು ಕೊಲಂಬಿಯಾಕ್ಕೆ ಕಳಿಸಿದ್ದೇ ನಮ್ಮ ಮಹಾರಾಜರು, ನಮ್ಮ ಹುಡುಗಿಗೆ ಸಿಗದೆ ಇರುತ್ತದೆಯೇ ಎಂದು. ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 11.5 ಪೌಂಡಿನ ವಿದ್ಯಾರ್ಥಿವೇತನ ಕೊಟ್ಟದ್ದು ನಿಜ. ಈಗ ಮಹಾರಾಜರ ಜಾಗದಲ್ಲಿ ಬ್ಯಾಂಕ್ ಮ್ಯಾನೇಜರ್ ಕೂತಿದ್ದಾರೆ ಅಷ್ಟೆ.

ಬಾಯಿಪಾಠ ಮಾಡಿಕೊಂಡು ಬರುವವರಿಗೆ ನಾನು ಗಾಂಧಿಯ ಕಥೆ ಹೇಳುತ್ತೇನೆ. ವಿಲಾಯಿತಿಗೆ ಹೋಗಲು ನೆರವು ಕೇಳಲೆಂದು 1888ರಲ್ಲಿ ಪೋರಬಂದರಿನ ಆಡಳಿತಾಧಿಕಾರಿ ಲೇಲಿ ಸಾಹೇಬರ ಬಂಗಲೆಗೆ ಹುಡುಗ ಮೋಹನದಾಸ್ ಹೋದ. ಹೇಳಬೇಕಾದ ಮಾತನ್ನೆಲ್ಲ ಉರು ಹೊಡೆದಿದ್ದ, ಬಾಗಿ ಎರಡೂ ಕೈಯಲ್ಲಿ ಸಲಾಮು ಮಾಡಿದ. ಮೊದಲು ಬಿ.ಎ. ಮುಗಿಸು ಎಂದವರೇ ಸಾಹೇಬರು ಮೆಟ್ಟಿಲು ಹತ್ತಿ ಹೋಗಿಬಿಟ್ಟರು. ಮಕ್ಕಳು ನಗುತ್ತಾರೆ. ನಕ್ಕ ಮೇಲೆ ಸ್ವಲ್ಪ ಚೆನ್ನಾಗಿ ಬರೆಯುತ್ತಾರೆ.

ನನ್ನ ಮಗ ಎಂ.ಎಸ್.ಗೆ ಹೊರಟಾಗ ಇಂಥದೇ ಒಂದನ್ನು ಬರೆದಿದ್ದ. ನನಗೆ ತೋರಿಸಲೇ ಇಲ್ಲ. “ನೀ ತಿದ್ದತೀ” ಅಂದ.

ಮೇಲಿನ ಮಹಡಿಯ ಹುಡುಗನಿಗೆ ಮಾತ್ರ ನಾನು ಏನೂ ಹೇಳಿಕೊಡಬೇಕಾಗಿ ಬರಲಿಲ್ಲ. ಉತ್ತರಾಯಣದ ದಿನ ಅವನ ದಾದಾ, ಅಂದರೆ ಅಜ್ಜ, ಗಾಳಿಪಟ ಹಾರಿಸುತ್ತಾರೆ. ಇವನು ಆರನೇ ವರ್ಷದಿಂದ ಅವರ ಹಿಂದೆ ದಾರದ ಉರುಳೆ, ಫಿರ್ಕಿ, ಹಿಡಿದು ನಿಂತವನು. ಅದನ್ನೇ ಬರೆದಿದ್ದ. ಫಿರ್ಕಿ ಹಿಡಿದವನಿಗೆ ಗಾಳಿಪಟ ಕಾಣುವುದಿಲ್ಲ, ದಾದಾನ ಬೆನ್ನು ಕಾಣುತ್ತದೆ. ಸ್ವೆಟರಿನ ಎಡ ಭುಜದ ಹತ್ತಿರ ಒಂದು ಎಳೆ ಬಿಚ್ಚಿದೆ, ಪ್ರತಿ ವರ್ಷ ಅದು ಒಂದಿಷ್ಟು ಉದ್ದವಾಗುತ್ತದೆ. ಪಟ ಎಲ್ಲಿದೆ ಎಂಬುದು ಕೈಯಲ್ಲಿ ಫಿರ್ಕಿ ತಿರುಗುವ ರಭಸದಲ್ಲೇ ಗೊತ್ತಾಗಬೇಕು. ದುಡ್ಡು ಕೊಟ್ಟು ಇಟ್ಟುಕೊಂಡ ಕೌನ್ಸೆಲರ್ ಒಬ್ಬರು ಇದರಲ್ಲಿ ಲೀಡರ್‌ಶಿಪ್ ಇಲ್ಲ ಎಂದರಂತೆ. ಹುಡುಗನನ್ನು ಗಾಳಿಪಟ ಸಂಘದ ಅಧ್ಯಕ್ಷ ಮಾಡಿದರೆ ಹೇಗೆ ಎಂಬ ಸಲಹೆಯೂ ಬಂತು. ನಾನು ಎರಡು ಕಾಮಾ ತೆಗೆದು ವಾಪಸು ಕೊಟ್ಟೆ. ಸೀಟು ಸಿಕ್ಕಿತು. ಪೇಡೆ ಬಂತು. ಆಗಸ್ಟಿನಲ್ಲಿ ಹುಡುಗ ಹೋದ.

ನಮ್ಮ ಸೊಸೈಟಿಯಲ್ಲಿ ಈಗ ಸೈಕಲ್ ಸ್ಟ್ಯಾಂಡು ಖಾಲಿ. ಅದರಲ್ಲಿ ನನ್ನ ಪಾಲೂ ಇದೆ.

ಈ ಸಲ ಜನವರಿ 14ರ ಬೆಳಿಗ್ಗೆ ದಾದಾ ಬಾಗಿಲು ಬಡಿದರು. “ಬೆನ್, ಫಿರ್ಕಿ ಹಿಡಿಯೋರು ಯಾರೂ ಇಲ್ಲ.” ಮಂಡಿನೋವಿನ ನೆಪ ಹೇಳೋಣವೆಂದುಕೊಂಡೆ; ಅವರ ಮಂಡಿ ನನ್ನದಕ್ಕಿಂತ ಹಳೆಯದು. ತಾರಸಿ ಹತ್ತಿದೆ. ಅದೇ ಸ್ವೆಟರು. ಎಳೆ ಮೊಣಕೈ ತನಕ ಇಳಿದಿತ್ತು. ಪಟ ಮೇಲೇರಿತು. “ಢೀಲ್, ಬೆನ್, ಢೀಲ್! ಬಿಗಿ ಹಿಡೀಬೇಡಿ, ಹೋಗಲಿ ಬಿಡಿ” ಎಂದು ಅವರು ಕೂಗಿದರು. ನಾನು ಜೀವಮಾನವಿಡೀ ಬಿಗಿ ಹಿಡಿದವಳು. ಆದರೂ ಬಿಟ್ಟೆ. ಫಿರ್ಕಿ ಅಂಗೈಯಲ್ಲಿ ಬಿಸಿಯಾಗುವಷ್ಟು ತಿರುಗಿತು.

ಸ್ವಲ್ಪ ಹೊತ್ತಿಗೆ ಪಕ್ಕದ ತಾರಸಿಯಿಂದ “ಕಾಯ್ ಪೋ ಛೇ!” ಎಂಬ ಬೊಬ್ಬೆ; ನಮ್ಮ ಪಟ ಕತ್ತರಿಸಿ ಹೋಗಿತ್ತು. ದಾದಾ ಆಕಾಶ ನೋಡುತ್ತಲೇ ಕೈ ಅಲ್ಲಾಡಿಸಿದರು. “ಲಪೇಟೋ, ಸುತ್ತಿ.” ದಾರ ಬಹಳ ದೂರ ಹೋಗಿತ್ತು. ಬಿಸಿಲೇರಿ ಅವರ ಸೊಸೆ ಚಿಕ್ಕಿ ತಂದಿಟ್ಟರೂ ನಾನಿನ್ನೂ ಸುತ್ತುತ್ತಲೇ ಇದ್ದೆ.