ಜರ್ಮನಿ ಡೈರಿ 4: ನೀನಾ, ನೀವಾ?

ಫೋಟೋದಲ್ಲಿರೋ ಬ್ರೆಡ್, ಚೀಸ್, ಸೌತೆಕಾಯಿ ನೋಡಿ ತಿಂಡಿ ಅಂದ್ಕೋಬೇಡಿ. ಲೈಪ್‌ಜಿಗ್‌ನಲ್ಲಿ ನಾನಿರೋ ಮನೆಯ ರಾತ್ರಿ ಊಟ ಇದು! ಹೆಸರು ಆಬೆಂಡ್‌ಬ್ರೋಟ್, ಅಂದ್ರೆ ಸಂಜೆಯ ಬ್ರೆಡ್.

ಮೊದಲ ದಿನ ಇದೇ ಟೇಬಲ್ ಹತ್ರ ಹೋಸ್ಟ್ ಅಮ್ಮ ಹೇಳಿದ್ರು, "ನನ್ನನ್ನ ಡೂ ಅಂತಲೇ ಕರಿ."

ಜರ್ಮನ್‌ನಲ್ಲಿ 'ಡೂ' ಅಂದ್ರೆ ನೀನು, 'ಝೀ' ಅಂದ್ರೆ ನೀವು. ಅಂಗಡಿ, ಬ್ಯಾಂಕು, ಮೇಷ್ಟ್ರು ಎಲ್ಲಾ ಝೀ. ಮನೆಯವರು, ಫ್ರೆಂಡ್ಸ್ ಡೂ. ಕನ್ನಡದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಆದ್ರೆ ಬಾಯಿಗೆ ಬರಬೇಕಲ್ಲ! 60 ದಾಟಿದವರನ್ನ ನೀನು ಅನ್ನೋದು ಹೇಗೆ? 3 ವಾರ ಝೀ ಅಂತಲೇ ಮಾತಾಡಿದೆ. ಎಷ್ಟು ಮರ್ಯಾದೆಯ ಹುಡುಗಿ ನಾನು ಅಂತ ಒಳಗೊಳಗೇ ಖುಷಿ ಬೇರೆ.

ಒಂದು ಸಂಜೆ ಅವರು ಮೆಲ್ಲಗೆ ಕೇಳಿದ್ರು, "ನಿನಗೆ ನಮ್ಮನೆ ಇಷ್ಟ ಆಗ್ಲಿಲ್ವಾ?"

ಇಲ್ಲಿ ಝೀ ಬಿಟ್ಟು ಡೂ ಅನ್ನೋಣ ಅಂತ ಸಾಮಾನ್ಯವಾಗಿ ದೊಡ್ಡವರೇ ಹೇಳ್ಬೇಕು. ಹೇಳಿದ ಮೇಲೂ ಝೀ ಅಂದ್ರೆ, ಚಾಚಿದ ಕೈ ಹಿಡಿಯದ ಹಾಗೆ. ನನ್ನ ಮರ್ಯಾದೆ ಅವರಿಗೆ ದೂರ ಇಟ್ಟ ಹಾಗೆ ಕೇಳಿಸಿತ್ತು.

ಮರುದಿನ ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ. ಅಪ್ಪನ ಹತ್ರ, "ಊಟ ಮಾಡಿದ್ರಾ?" ಅಮ್ಮನ ಹತ್ರ, "ಊಟ ಮಾಡಿದ್ಯಾ?" ಅಲ್ಲೇ ಹೊಳೀತು. 20 ವರ್ಷದಿಂದ ಅಮ್ಮಂಗೆ ನೀನು ಅಂತಿದೀನಿ. ಅವಳ ಮೇಲೆ ನಂಗೆ ಗೌರವ ಇಲ್ವಾ?

ಆ ಸಂಜೆ ಬೆಣ್ಣೆ ಬೇಕಿತ್ತು. ಉಸಿರು ಬಿಗಿಹಿಡಿದು ಶುರು ಮಾಡಿದೆ: "ಕಾನ್‌ಸ್ಟ್ ಡೂ..."

ಅವರು ನಕ್ಕರು. ಬೆಣ್ಣೆ ಈ ಕಡೆ ಬಂತು.

ನಿಮ್ಮನೇಲಿ ಯಾರು 'ನೀನು', ಯಾರು 'ನೀವು'? ಕಾಮೆಂಟಲ್ಲಿ ಹೇಳಿ.