ಅಲಂಕಾರದ ಖರ್ಚು ಯಾರ ಖಾತೆಗೆ?

ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳನ್ನು ಉಪಾಸಕದಶಾಂಗ ಸೂತ್ರವು ಎಣಿಸುತ್ತದೆ. ಕೊನೆಯದು ಅಸತೀಪೋಷಣ, ಅಂದರೆ ದಾಸಿಯರನ್ನು, ಗಣಿಕೆಯರನ್ನು ಸಾಕಿ ಅವರಿಂದ ಧನಾರ್ಜನೆ ಮಾಡುವುದು. ದಂತ, ಅರಗು, ವಿಷಗಳ ವಾಣಿಜ್ಯವನ್ನು ಕುರಿತು ಪ್ರವಚನಗಳಲ್ಲಿ ಕೇಳುತ್ತೇವೆ. ಈ ಹದಿನೈದನೆಯದನ್ನು ಮಾತ್ರ ನಮಗೆ ಸಂಬಂಧಿಸದ್ದೆಂದು ದಾಟಿಹೋಗುತ್ತೇವೆ. ಜವಳಿ ವ್ಯಾಪಾರಿಯಾದ ನನಗೆ ಅದು ಎದುರಾದದ್ದು ಅಂಗಡಿಯ ಕೈಚೀಲದ ರೂಪದಲ್ಲಿ.

ನನ್ನ ತಮ್ಮನ ಮಗನು ಮದುವೆ ಜವಳಿಯ ಚೀಲಗಳ ಮೇಲೆ ಜಪಾನಿನ ಮರದಚ್ಚಿನ ಚಿತ್ರವೊಂದನ್ನು ಮುದ್ರಿಸೋಣವೆಂದ. ಚಿತ್ರವೇನೋ ಮನೋಹರ: ಪದರ ಪದರವಾದ ನಿಲುವಂಗಿ, ಮುಂಭಾಗದಲ್ಲಿ ಗಂಟು ಹಾಕಿದ ಅಗಲವಾದ ನಡುಪಟ್ಟಿ, ಮುಡಿಯ ತುಂಬ ಬಾಚಣಿಗೆ, ಕಡ್ಡಿಗಳು. ಯಾರೀಕೆ ಎಂದು ಪುಸ್ತಕ ತರಿಸಿ ಓದಿದೆ. ಇಂದು ಟೋಕಿಯೊ ಎನಿಸಿಕೊಂಡಿರುವ ಎದೊ ನಗರದಲ್ಲಿ 1617ರಲ್ಲಿ ಸರ್ಕಾರದ ಪರವಾನಗಿ ಪಡೆದ ಯೋಶಿವಾರ ಎಂಬ ಕೇರಿಯ ಗಣಿಕೆ. ಇಸೊದಾ ಕೊರ್ಯೂಸಾಯ್ ಎಂಬ ಚಿತ್ರಕಾರನು 1776ರ ಸುಮಾರಿಗೆ ಆರಂಭಿಸಿದ ಮಾಲೆಯೊಂದರಲ್ಲಿ ಇಂಥ ನೂರಕ್ಕೂ ಹೆಚ್ಚು ಹಾಳೆಗಳಿವೆ. ಮಾಲೆಯ ಹೆಸರೇ ಹೊಸ ವಸ್ತ್ರವಿನ್ಯಾಸಗಳ ಮಾದರಿ ಎಂಬ ಅರ್ಥದ್ದು. ಹಾಳೆಯ ಮೇಲೆ ಗಣಿಕೆಯ ಹೆಸರು, ಅವಳನ್ನಿಟ್ಟುಕೊಂಡ ಮನೆಯ ಹೆಸರು. ಅದನ್ನು ಕಂಡು ಪಟ್ಟಣದ ಹೆಂಗಸರು ತಾವೂ ಹಾಗೆಯೇ ಉಡಲು ಬಯಸುತ್ತಿದ್ದರು. ವಾಣಿಜ್ಯ ಓದಿದವನ ಕಣ್ಣು ಜಮಾ-ಖರ್ಚಿನ ಕಡೆಗೇ ಹೋಗುತ್ತದೆ. ಮುಂಗಡ ಹಣಕ್ಕೆ ಎಳವೆಯಲ್ಲೇ ಮಾರಾಟವಾಗಿದ್ದ ಆ ಹೆಣ್ಣುಮಗಳ ಸಾಲದ ಖಾತೆಗೇ ಉಡುಪಿನ ಬೆಲೆಯೂ ಸೇರುತ್ತಿತ್ತು. ನಿಲುವಂಗಿ ಭಾರವಾದಷ್ಟೂ ಬಿಡುಗಡೆ ದೂರ. 1842ರಲ್ಲಿ ಸರ್ಕಾರವು ಗಣಿಕೆಯರ ಚಿತ್ರಗಳನ್ನು ನಿಷೇಧಿಸಿತು; ಕೇರಿಯನ್ನಲ್ಲ!

ದೂರದ ದೇಶವನ್ನು ಹಳಿಯುವ ಮುನ್ನ ನಮ್ಮ ಹಂಪೆಯನ್ನು ನೆನೆಯಬೇಕು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದ ದೊಮಿಂಗೊ ಪಾಯೆಸನು ನರ್ತಕಿಯರ ವಜ್ರ, ಮಾಣಿಕ್ಯ, ಮುತ್ತುಗಳ ಕಂಠಾಭರಣ, ತೋಳಬಂದಿ, ಒಡ್ಯಾಣ, ಕಾಲಂದುಗೆಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಒಬ್ಬಾಕೆಯ ಬಳಿ ಲಕ್ಷ ವರಹಗಳಿದ್ದವಂತೆ. ಅವನಿಗಿಂತ ಮೊದಲು, 1443ರಲ್ಲಿ, ಬಂದಿದ್ದ ಅಬ್ದುರ್ ರಜಾಕನು ಲೆಕ್ಕದ ಇನ್ನೊಂದು ಪುಟವನ್ನು ತೆರೆಯುತ್ತಾನೆ: ನಗರರಕ್ಷಕರ ಸಂಬಳವು ವೇಶ್ಯಾಗೃಹಗಳ ಉತ್ಪನ್ನದಿಂದ ಸಲ್ಲುತ್ತಿತ್ತು.

ಬಳ್ಳಾರಿ ಸೀಮೆಯಲ್ಲಿ ದೇವದಾಸಿಯಾಗಿ ಬಿಟ್ಟ ಹುಡುಗಿಯ ಕೊರಳಿಗೆ ಕಟ್ಟುತ್ತಿದ್ದ ಮುತ್ತೂ ಆಭರಣವೇ. 1982ರ ಕಾಯ್ದೆ ಅದನ್ನು ಅಪರಾಧವೆಂದು ಸಾರಿತು. ಅಂಥ ತಾಯಂದಿರ ಮಕ್ಕಳು ಸಿರುಗುಪ್ಪ, ಕುರುಗೋಡುಗಳ ಕಡೆಯಿಂದ ಮದುವೆ ಸೀರೆಗೆಂದು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ್ದಾರೆ. ಅವರ ಕೈಗೆ ಆ ಚೀಲವನ್ನು ಕೊಡಲು ನನಗೆ ಮನಸ್ಸಾಗಲಿಲ್ಲ.

“ಅವಳು ಸತ್ತು ಇನ್ನೂರು ವರ್ಷವಾಯಿತು, ದೊಡ್ಡಪ್ಪ. ಈಗ ಯಾರಿಗೆ ಹಿಂಸೆ?” ಎಂದು ಹುಡುಗ ಕೇಳಿದ. ಪ್ರಶ್ನೆ ಸುಲಭದ್ದಲ್ಲ. ಚಿತ್ರವನ್ನು ಗೋಡೆಗೆ ತೂಗುಹಾಕಿ ನೋಡು, ಅವಳ ಹೆಸರನ್ನು ಓದು, ಅಡ್ಡಿಯಿಲ್ಲ ಎಂದೆ. ಅವಳ ರೂಪದಿಂದ ಸೀರೆ ಮಾರಿದರೆ ಮಾತ್ರ ಅಂದು ಅವಳಿಂದ ಲಾಭ ಪಡೆದವರ ಸಾಲಿನಲ್ಲಿ ನಾವೂ ನಿಂತಂತೆ. ಬೇಕಾದರೆ ಆಕೆಯನ್ನು ಬಿಟ್ಟು ಬಟ್ಟೆಯ ಹೂಬಳ್ಳಿಯನ್ನಷ್ಟೇ ಮುದ್ರಿಸು ಎಂದೂ ಸೂಚಿಸಿದೆ.

“ಆ ಹೂಬಳ್ಳಿಯೂ ಅವಳ ಸಾಲಕ್ಕೇ ಬರೆದದ್ದಲ್ಲವೆ?” ಎಂದ. ಚೀಲದ ಮುದ್ರಣ ಸದ್ಯಕ್ಕೆ ನಿಂತಿದೆ.